ಹೌದು, ಅದು ನನ್ನ ಮಾತೇ

ಭಾನುವಾರದ ಆರಾಧನೆಯಲ್ಲಿ ಪ್ರಸಂಗ ಮಾಡಲು ತಮ್ಮ ಎದ್ದು ನಿಂತಾಗ ಅಕ್ಕ ಹೆಂಗಸರ ಬೆಂಚಿನಲ್ಲಿ ಕೂತು ಅವನ ಅಂಗಿಯ ಕಾಲರನ್ನೇ ನೋಡುತ್ತಿದ್ದಳು. ಅವಳೇ ಗಂಜಿ ಹಾಕಿ, ಅವಳೇ ಇಸ್ತ್ರಿ ಮಾಡಿದ ಕಾಲರು, ನೆಟ್ಟಗೆ ನಿಂತಿತ್ತು. ಪ್ರಸಂಗ ಮುಗಿಯುವ ಹೊತ್ತಿಗೆ ಕಾಲರು ಬೆವರಿಗೆ ಮೆತ್ತಗಾಗಿತ್ತು, ಸಭೆ ಎರಡು ಹೋಳಾಗಿತ್ತು, ಅವಳ ಗಂಡ ಹಿರಿಯರ ಬೆಂಚಿನಿಂದ ಎದ್ದು ತನ್ನ ಸ್ವಂತ ಭಾವಮೈದುನನನ್ನೇ ಪಾಷಂಡಿ ಎಂದು ಕರೆದಾಗಿತ್ತು. ಕೆಲವು ಮನೆಗಳು ಒಡೆಯುವುದಕ್ಕೆ ವರ್ಷಗಟ್ಟಲೆ ಬೇಕಾಗುತ್ತದೆ. ಭಕ್ತರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ತಮ್ಮ ಹೇಳಿದ್ದು ರಕ್ಷಣೆಯ ವಿಷಯ. ರಕ್ಷಣೆ ಎಂದರೆ ದೇವರು ನಮ್ಮ ಕೈ ಹಿಡಿದಿರುವುದು, ನಾವು ಅವನ ಕೈ ಹಿಡಿದಿರುವುದಲ್ಲ. ನಾವು ಜಾರಬಹುದು, ಬೀಳಬಹುದು, ಅವನು ಬಿಡುವವನಲ್ಲ. ಒಳ್ಳೆಯ ನಡತೆಯಿಂದ ಆ ಹಿಡಿತವನ್ನು ಗಟ್ಟಿ ಮಾಡಿಕೊಳ್ಳುತ್ತೇವೆ ಎಂದುಕೊಂಡವನಿಗೆ ಹಿಡಿದವನು ಯಾರೆಂದೇ ಗೊತ್ತಿಲ್ಲ ಎಂದ. ಪ್ರಸಂಗದ ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಆದರೆ ಗಂಡ ಎದ್ದು, ಹಾಗಾದರೆ ಪರಿಶುದ್ಧ ಜೀವನ ಯಾತಕ್ಕೆ, ಇವತ್ತು ರಕ್ಷಣೆ ಹೊಂದಿದವನು ನಾಳೆ ಕುಡಿದರೂ ಕದ್ದರೂ ನಡೆಯುತ್ತದೆಯೇ ಎಂದು ಕೇಳಿದ. ಕದಿಯುವ ಮಾತು ಬಂದದ್ದೇ ತಮ್ಮನ ಮುಖ ಕೆಂಪಾಯಿತು. ರೇಗಿದವನು ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಭಾವ, ನಿಮ್ಮದು ಸೋಪಿನ ಸುವಾರ್ತೆ. ಯೇಸುವಿನ ರಕ್ತ ಸಾಲದು ಅಂತ ಅದರ ಮೇಲೆ ನಿಮ್ಮದೊಂದು ಹಿಡಿ ಸೋಪಿನ ಪುಡಿ ಹಾಕ್ತೀರಿ."

ಇಡೀ ಸಭೆ ಗೊಳ್ಳೆಂದಿತು. ಯಾಕೆಂದರೆ ಗಂಡನದು ಲಾಂಡ್ರಿ. ಅಲ್ಲಿ ಕೂತಿದ್ದ ಅರ್ಧಕ್ಕರ್ಧ ಜನ ಉಟ್ಟಿದ್ದು ಅವನ ಲಾಂಡ್ರಿಯಲ್ಲಿ ಒಗೆದ ಬಟ್ಟೆಯನ್ನೇ. ಅವನ ಬಟ್ಟೆಯಲ್ಲೂ ಬದುಕಿನಲ್ಲೂ ಒಂದು ಸುಕ್ಕಿಲ್ಲವೆಂದು ಜನ ಅವನನ್ನು ಇಸ್ತ್ರಿ ಹಿರಿಯ ಎನ್ನುತ್ತಿದ್ದರು, ಎದುರಿಗೆ ಗೌರವದಿಂದ, ಹಿಂದಿನಿಂದ ಸ್ವಲ್ಪ ನಗುತ್ತ. ಆ ನಗು ಅವತ್ತು ಎದುರಿಗೇ ಬಂತು. ಗಂಡ ನಗು ನಿಲ್ಲುವವರೆಗೆ ಕಾದು, "ಇದು ದುರ್ಬೋಧನೆ, ನೀನು ಪಾಷಂಡಿ. ನಾನು ದೂರು ಕೊಡ್ತೀನಿ" ಅಂದು ಕೂತ.

ಆ ಸಭೆಯಲ್ಲಿ ದೂರು ಅಂದರೆ ಹುಡುಗಾಟವಲ್ಲ. ಹಿಂದೆ ಯಾವುದೋ ಕಾಲದಲ್ಲಿ ಒಬ್ಬ ಬಡಪಾಯಿಯನ್ನು ಅವನು ಹೇಳದೇ ಇದ್ದ ಮಾತಿಗೆ ಪಾಷಂಡಿ ಎಂದು ಹೊರಗಟ್ಟಿದ್ದರಂತೆ. ಅವನು ಸತ್ತ ಮೇಲೆ ತಪ್ಪು ಗೊತ್ತಾಗಿ, ಎಲ್ಲರೂ ಅತ್ತು, ಒಂದು ನೇಮ ಮಾಡಿಕೊಂಡರಂತೆ: ದೂರುವವನು ಮೊದಲು ಎದುರಾಳಿಯ ಬೋಧನೆಯನ್ನು ತನ್ನ ಬಾಯಿಂದ ಹೇಳಬೇಕು; ಕೇಳಿದ ಎದುರಾಳಿ "ಹೌದು, ಅದು ನನ್ನ ಮಾತೇ" ಅನ್ನಬೇಕು. ಅಲ್ಲಿಯವರೆಗೆ ದೂರು ದೂರೇ ಅಲ್ಲ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು, ಆದರೆ ಅಂದಿನ ವಿಚಾರಣೆ ಮುಗಿಯುವುದರೊಳಗೆ. ಆಗದಿದ್ದರೆ ದೂರು ಬಿದ್ದುಹೋಗುತ್ತದೆ, ದೂರಿದವನು ಹಿರಿಯರ ಬೆಂಚಿನಿಂದ ಇಳಿಯಬೇಕು.

ಒಪ್ಪಿಗೆ ಸಿಕ್ಕಿತೋ, ಆಮೇಲಿನದು ಇನ್ನೂ ಕಠಿಣ. ದೂರಿದವನು ಎದುರಾಳಿಯ ಮುಖ ನೋಡಿ "ಇಂದಿನಿಂದ ನಾನು ನಿನ್ನ ಜೊತೆ ಊಟಕ್ಕೆ ಕೂರುವುದಿಲ್ಲ" ಎಂದು ಮೊದಲು ತಾನೇ ಹೇಳಬೇಕು. ಅವನ ಹಿಂದೆ ಸಭೆಯವರು ಎದ್ದು ನಿಂತರೆ ತೀರ್ಮಾನ. ಅಲ್ಲಿಂದ ಮುಂದೆ ಆ ಮನುಷ್ಯನ ಜೊತೆ ಒಂದೇ ಮೇಜಿಗೆ ಯಾರೂ ಕೂರುವಂತಿಲ್ಲ, ಒಡಹುಟ್ಟಿದವರೂ ಕೂರುವಂತಿಲ್ಲ.

ಅಕ್ಕ ಹೆದರಿದ್ದು ಇದಕ್ಕೇ. ತಾಯಿ ಹೋದಾಗ ತಮ್ಮ ಇನ್ನೂ ನಡೆಯಲು ಕಲಿಯುತ್ತಿದ್ದ; ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಈಗ ಎದುರು ಬೀದಿಯಲ್ಲಿ ಅವನದೊಂದು ಕೋಣೆ ಇದ್ದರೂ, ರಾತ್ರಿಯೂಟ ಅಕ್ಕನ ಮನೆಯಲ್ಲೇ. ಆ ಕುರ್ಚಿ ಖಾಲಿಯಾದ ಮನೆಯಲ್ಲಿ ತುತ್ತು ಗಂಟಲಿಗಿಳಿಯುವುದು ಹೇಗೆಂದು ಅವಳಿಗೆ ತೋಚಲಿಲ್ಲ.

ಆ ವಾರ ಲಾಂಡ್ರಿಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ದೇವಶಾಸ್ತ್ರವೇ ಕುದಿಯಿತು. ಒಂದು ಅಂಗಿ ಹಿಡಿದುಕೊಂಡು ಬಂದವರು ಕೌಂಟರಿಗೆ ಮೊಣಕೈ ಊರಿ ತಾಸುಗಟ್ಟಲೆ ನಿಂತರು. ಪರದೆ ಕೊಡಲು ಬಂದವಳು ತೊಟ್ಟಿಲ ಕೂಸಿಗೆ ರಕ್ಷಣೆ ಉಂಟೋ ಎಂದು ಶುರುಮಾಡಿದರೆ, ಪ್ಯಾಂಟು ಒಯ್ಯಲು ಬಂದವನು ಲಾರಿ ಅಡಿಗೆ ಬೀಳುವ ಗಳಿಗೆಯಲ್ಲಿ ಕೆಟ್ಟ ಬೈಗುಳ ಬೈದು ಸತ್ತವನ ಗತಿಯೇನೆಂದು ಕೇಳುತ್ತಿದ್ದ. ಒಬ್ಬ, ಬೈಗುಳ ಪೂರ್ತಿಯಾಗುವ ಮೊದಲೇ ಸತ್ತರೆ ತೊಂದರೆಯಿಲ್ಲ ಅಂದ. ಜನರಿಗೆ ಇಷ್ಟು ಹುರುಪು ಬಂದದ್ದನ್ನು ಅಕ್ಕ ಕಂಡಿರಲಿಲ್ಲ. ದುಃಖದ ನಡುವೆಯೂ ಅವಳಿಗೆ ಒಂದೆರಡು ಸಲ ನಗು ಬಂತು. ಅಲ್ಲದೆ, ಹಾಗೆ ವಾದಿಸುತ್ತಿದ್ದವರ ಕಾಲರು ತೋಳು ಎಲ್ಲ ತಿಕ್ಕುವವಳು ಅವಳೇ. ಯಾರ ಪರಿಶುದ್ಧತೆ ಎಷ್ಟು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಗಡಿಯಾರ ರಿಪೇರಿಯ ಅಜ್ಜನೂ ಬಂದ. ಅಜ್ಜನಿಗೆ ಕಿವಿ ಮಂದ, ಗಂಟಲು ಮಾತ್ರ ಗಟ್ಟಿ. ಸಭೆಯಲ್ಲಿ ಮನಸ್ಸಿಗೆ ಹಿಡಿಸಿದ ಮಾತು ಕೇಳಿದರೆ ಆಮೆನ್ ಎನ್ನುವುದು ಎಲ್ಲರ ರೂಢಿ, ಆದರೆ ಮೊದಲ ಆಮೆನ್ ಅಜ್ಜನದು. ಅವನು ಅಂದರೆ ಉಳಿದವರ ಬಾಯಿ ತಾನಾಗಿ ತೆರೆಯುತ್ತದೆ. ಅಜ್ಜ ಎಂದಿನ ಹಾಗೆ ಕೋಟು ಕೊಡುತ್ತ, ಈ ಸಲವೂ ಸುಟ್ಟುಬಿಡಬೇಡಿ ಎಂದು ಕಣ್ಣು ಮಿಟುಕಿಸಿದ. ಇಸ್ತ್ರಿ ಹಿರಿಯ ಜೀವಮಾನದಲ್ಲಿ ಸುಟ್ಟದ್ದು ಒಂದೇ ಬಟ್ಟೆ, ಅದೂ ಅಜ್ಜನ ಕರಿ ಕೋಟು, ಎಂಬುದು ಸಭೆಯ ಹಳೇ ತಮಾಷೆ. ಗಂಡ ತಲೆಯೆತ್ತದೆ ಕೋಟಿಗೆ ಚೀಟಿ ಪಿನ್ನು ಮಾಡಿದ.

ಕೋಟು ಸುಟ್ಟಿರಲಿಲ್ಲ. ತಮ್ಮ ಕುಡಿತಕ್ಕೆ ಬಿದ್ದಿದ್ದ ಕಾಲದಲ್ಲಿ ಒಂದು ದಿನ ಲಾಂಡ್ರಿಯ ಸಾಲಿನಿಂದ ಒಳ್ಳೊಳ್ಳೆಯ ಬಟ್ಟೆ ಆರಿಸಿ ಗಂಟು ಕಟ್ಟಿ ಮಾರಿ ಪರಾರಿಯಾಗಿದ್ದ. ಅಜ್ಜನ ಕೋಟು ಆ ಗಂಟಿನಲ್ಲಿತ್ತು. ಗಂಡ ಒಬ್ಬೊಬ್ಬರಿಗೂ ಹೊಸದು ಹೊಲಿಸಿಕೊಟ್ಟ, ಒಬ್ಬೊಬ್ಬರಿಗೂ ಒಂದೊಂದು ನೆಪ ಹೇಳಿದ. ಸುಳ್ಳೆಂದರೆ ಉರಿದುಬೀಳುವ ಮನುಷ್ಯ ಹೆಂಡತಿಯ ತಮ್ಮನ ಮಾನಕ್ಕಾಗಿ ಸುಳ್ಳು ಹೇಳಿದ. ಇದು ಗೊತ್ತಿದ್ದದ್ದು ಮೂವರಿಗೆ ಮಾತ್ರ, ಆ ಮೂವರೂ ತಮ್ಮತಮ್ಮೊಳಗೆ ಕೂಡ ಅದರ ಸುದ್ದಿ ಎತ್ತುತ್ತಿರಲಿಲ್ಲ.

ಗಂಡ ಇಡೀ ವಾರ ಅಭ್ಯಾಸ ಮಾಡಿದ. ಆವಿಯ ಪ್ರೆಸ್ಸನ್ನು ಎಳೆದು ಒತ್ತುತ್ತ ಅವಳ ಕಡೆ ನೋಡದೆ ಒಂದೊಂದು ವಾಕ್ಯ ಹೇಳುವನು. ಹೇಗೆ ಬೇಕಾದರೂ ಬದುಕಿ, ದೇವರು ನೋಡಿಕೊಳ್ಳುತ್ತಾನೆ ಅಂತ ತಾನೇ ಇವನು ಹೇಳುವುದು? ಅವಳು ದಿಂಬಿನ ಚೀಲ ಮಡಚುತ್ತ, ಅಲ್ಲ ಅನ್ನುವಳು. ಪಾಪ ದೊಡ್ಡ ವಿಷಯವಲ್ಲ ಅಂತಲೋ? ಅಲ್ಲ. ಪ್ರೆಸ್ಸು ಬುಸ್ಸೆಂದು ಆವಿ ಬಿಡುವುದು, ಅವನೂ ಹಾಗೇ. ಅವನು ಸುಮ್ಮನೆ ವೈರ ಸಾಧಿಸುತ್ತಿರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಅವನ ಅಪ್ಪ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುವವನು, ಮನೆಗೆ ಬಂದು ಹೆಂಡತಿಯ ಕೈ ಮುರಿದವನು. ಮುರಿದ ಮೇಲೂ, ನಾನು ರಕ್ಷಣೆ ಹೊಂದಿದವನು, ಅದನ್ನು ನನ್ನಿಂದ ಕಿತ್ತುಕೊಳ್ಳುವವರಿಲ್ಲ ಎಂದು ಎದೆ ತಟ್ಟಿಕೊಂಡವನು. ಆ ಮಾತು ಕೇಳುತ್ತ ಬೆಳೆದವನಿಗೆ ತಮ್ಮನ ಪ್ರಸಂಗ ಹೇಗೆ ಕೇಳಿಸಿರಬೇಕು ಎಂದು ಅವಳಿಗೆ ಅರ್ಥವಾಗುತ್ತಿತ್ತು.

ಶನಿವಾರ ಅವನು ಪ್ರೆಸ್ಸು ನಿಲ್ಲಿಸಿ ಅವಳೆದುರು ಬಂದು ನಿಂತ.

"ನಿಂಗೆ ಗೊತ್ತು. ಅವನು ಏನು ಹೇಳ್ತಾನೆ ಅನ್ನೋದು ನಿಂಗೆ ಸರಿಯಾಗಿ ಗೊತ್ತು."

ಗೊತ್ತಿತ್ತು. ಹೇಳಿಕೊಟ್ಟರೆ ತಮ್ಮನ ಕುರ್ಚಿ ಹೋಗುತ್ತದೆ. ಹೇಳಿಕೊಡದಿದ್ದರೆ ಗಂಡ ಎಲ್ಲರೆದುರು ತಡವರಿಸಿ, ಸೋತು, ಬೆಂಚಿನಿಂದ ಇಳಿಯುತ್ತಾನೆ. ಅತ್ತ ದರಿ, ಇತ್ತ ಪುಲಿ. ಅವಳು ನನ್ನನ್ನು ಕೇಳಬೇಡಿ ಅಂದಳು. ಅವನು ಮತ್ತೆ ಕೇಳಲಿಲ್ಲ. ಕೇಳಬಾರದಿತ್ತು ಎಂಬಂತೆ ಕೈ ಒರೆಸಿಕೊಂಡು ಪ್ರೆಸ್ಸಿಗೆ ಹೋದ. ಅದು ಅವಳನ್ನು ಇನ್ನಷ್ಟು ಸುಟ್ಟಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆ ರಾತ್ರಿ ಊಟಕ್ಕೆ ಮೂವರೂ ಕೂತರು. ಉಪ್ಪು ಕೊಡಿ, ನೀರು ಕೊಡಿ ಎಂಬುದನ್ನು ಬಿಟ್ಟು ಬೇರೆ ಮಾತಿಲ್ಲ. ಗಂಡ ಎದ್ದುಹೋದ ಮೇಲೆ ತಮ್ಮ ತಟ್ಟೆಯಲ್ಲಿ ಗೆರೆ ಎಳೆಯುತ್ತ, ಭಾವ ಏನಾದರೂ ಕೇಳಿದರೇ ಎಂದು ವಿಚಾರಿಸಿದ.

"ಹೇಳ್ಕೊಡಬೇಡ ಅಕ್ಕ. ಅವರ ಕೈಲಿ ಅದು ಹೇಳೋಕಾಗಲ್ಲ. ಅವರು ಸೋತರೆ ನಾನು ಉಳ್ಕೋತೀನಿ."

ಅವಳು ತಮ್ಮನ ಮುಖ ನೋಡಿದಳು. ಸಾಕಿದ ಮುಖವೇ, ಆದರೆ ಅದರಲ್ಲಿ ಒಂದು ಗೆಲ್ಲುವ ಆಸೆ ಕೂತಿತ್ತು. ಅವನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನದ ವಿಚಾರಣೆಗೆ ಸಭಾಂಗಣ ತುಂಬಿ ಕಿಟಕಿಗಳಲ್ಲೂ ತಲೆಗಳಿದ್ದವು. ಪ್ರಾರ್ಥನೆಗೆ ಚಳಿಜ್ವರ ಎನ್ನುವವರೆಲ್ಲ ಅವತ್ತು ಗಟ್ಟಿಮುಟ್ಟಾಗಿ ಬಂದಿದ್ದರು. ಅಧ್ಯಕ್ಷತೆ ನಿವೃತ್ತ ಹೆಡ್ಮಾಸ್ತರರದು. ಮೇಜಿನ ಮೇಲೆ ಶಾಲೆಯಿಂದಲೇ ತಂದಿರಬಹುದಾದ ಒಂದು ಗಂಟೆ. ಗಂಟೆ ಬಾರಿಸಿದರೆ ವಿಚಾರಣೆ ಮುಗಿಯಿತೆಂದು ಲೆಕ್ಕ. ಹೆಂಗಸರು ಪ್ರಶ್ನೆ ಕೇಳಬಹುದು, ಸಾಕ್ಷಿ ಹೇಳುವಂತಿಲ್ಲ ಎಂದು ಅವರು ನೇಮವನ್ನು ಓದಿದರು. ಈ ನೇಮ ಮಾಡಿದವರು ಗಂಡಸರೇ ಇರಬೇಕು. ಹೆಂಗಸು ಕೇಳುವ ಪ್ರಶ್ನೆ ಸಾಕ್ಷಿಗಿಂತ ಹರಿತ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಗಂಡ ಎದ್ದ. ಕೋಟಿನ ಗುಂಡಿ ಹಾಕಿಕೊಂಡ. ಈತನ ಬೋಧನೆಯ ಪ್ರಕಾರ ಬಿದ್ದರೂ ಚಿಂತೆಯಿಲ್ಲ ಅಂದ. ತಮ್ಮ ಅಲ್ಲ ಅಂದ. ಬಿದ್ದರೆ ಮೂಳೆ ಮುರಿಯುತ್ತದೆ ಎಂದು ತನಗೂ ಗೊತ್ತು, ಚಿಂತೆಯಿಲ್ಲ ಎಂದು ತಾನೆಂದೂ ಹೇಳಿಲ್ಲ ಅಂದ. ಗಂಡ ಎರಡನೆಯ ಸಲ, ಪರಿಶುದ್ಧ ಜೀವನ ಇದ್ದರೂ ಸರಿ ಇಲ್ಲದಿದ್ದರೂ ಸರಿ ಎಂಬುದೇ ಈತನ ಬೋಧನೆ ಅಂದ. ತಮ್ಮ ನಕ್ಕು ತಲೆಯಾಡಿಸಿದ. ಕಿಟಕಿಯ ತಲೆಗಳೂ ನಕ್ಕವು. ಗಂಡನ ಹಣೆಯ ಮೇಲೆ ಬೆವರು. ಮತ್ತೊಂದು ಸಲ, ಮಗದೊಂದು ಸಲ. ಪ್ರತಿ ಸಲವೂ ಅಲ್ಲ ಅನ್ನುವುದು ತಮ್ಮನಿಗೆ ಒಂದು ಆಟವಾಗತೊಡಗಿತು. ಅಲ್ಲ ಅನ್ನುವ ಮುಂಚೆ ಅವನು ಸಭೆಯ ಕಡೆ ತಿರುಗುತ್ತಿದ್ದ.

ಕೊನೆಗೆ ಗಂಡ ನಿಧಾನವಾಗಿ ಹೇಳಿದ: ಪರಿಶುದ್ಧ ಜೀವನ ಬೇಕೇ ಬೇಕು, ಆದರೆ ಅದು ರಕ್ಷಣೆಗೆ ತೆರುವ ಬೆಲೆಯಲ್ಲ, ರಕ್ಷಣೆಯಿಂದ ಬರುವ ಫಲ, ಇದು ಈತನ ಮಾತು. ಸಭೆ ಉಸಿರು ಹಿಡಿಯಿತು. ತಮ್ಮ ಬಾಯಿ ತೆರೆದು, ಮುಚ್ಚಿ, ಎಡಗಿವಿ ಕೆರೆದುಕೊಂಡ.

"ಅಲ್ಲ. ಅದು ಯಾರು ಬೇಕಾದ್ರೂ ಹೇಳೋ ಮಾತು. ನನ್ನದಲ್ಲ."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಸಕ್ಕರೆ ಕದ್ದು ತಿಂದು, ನಾನಲ್ಲ ಎನ್ನುವಾಗಲೂ ಇವನು ಕೆರೆದುಕೊಂಡಿದ್ದು ಆ ಕಿವಿಯನ್ನೇ. ಪೂರ್ತಿ ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಎದುರಿಗೆ ನಿಂತ ಮನುಷ್ಯ ಇಷ್ಟು ಹತ್ತಿರ ಬಂದಿದ್ದಾನೆ, ಇವನು ಬಾಗಿಲು ಮುಚ್ಚುತ್ತಿದ್ದಾನೆ. ದೇವರು ಕೈ ಬಿಡುವುದಿಲ್ಲ ಎಂದು ಬೋಧಿಸುವವನು ಭಾವನ ಕೈ ಬಿಟ್ಟು ನೋಡುತ್ತ ನಿಂತಿದ್ದಾನೆ. ಹೆಡ್ಮಾಸ್ತರರು ಇನ್ನೇನಾದರೂ ಇದೆಯೇ ಎಂದರು. ಗಂಡ ಇಲ್ಲವೆಂದು ತಲೆಯಾಡಿಸಿದ. ಅಷ್ಟಾದರೂ ಅವನು ಒಂದು ಸಲವೂ ಅವಳ ಕಡೆ ನೋಡಲಿಲ್ಲ. ಹೆಡ್ಮಾಸ್ತರರ ಕೈ ಗಂಟೆಯ ಕಡೆ ಹೋಯಿತು.

ಅಕ್ಕ ಎದ್ದು ನಿಂತಳು. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡಳು. ಪ್ರಶ್ನೆ ಇದೆ ಅಂದಳು.

"ರೀ, ಇವನು ತಿರುಗಿ ಬಂದ ದಿನ, ಇವನಿಗೆ ಕುರ್ಚಿ ಎಳೆದು ಕೂರಿಸಿದ್ದು ಯಾರು?"

ತಮ್ಮನ ಮುಖದಿಂದ ನಗು ಇಳಿಯಿತು. ಗಂಡನ ಮುಖ ಒಗೆದ ಹಾಸಿಗೆ ಬಟ್ಟೆಯ ಹಾಗೆ ಬಿಳುಪಾಯಿತು. ಎಳೆದವನು ಅವನೇ. ಏನು ಕೇಳುತ್ತಿದ್ದಾಳೆಂದು ಅವರಿಬ್ಬರಿಗೇ ಗೊತ್ತು. ಆ ದಿನದ ಕಥೆ ಹೇಳಿದರೆ ಕಳುವಿನ ಕಥೆ ಹೊರಬರುತ್ತದೆ, ಅದರ ಹಿಂದೆ ಅವನ ಸುಳ್ಳೂ ಬರುತ್ತದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಆಡಿದವಳಿಗೂ ಅದು ಆಗಲೇ ಗೊತ್ತಾಗಿತ್ತು. ತಾನು ಈಗ ಇಬ್ಬರನ್ನೂ ಕಳೆದುಕೊಂಡೆನೇನೋ ಎಂದು ಅವಳಿಗೆ ಅನ್ನಿಸಿತು. ಆದರೆ ಕೂರಲಿಲ್ಲ.

ಗಂಡ ಮೇಜಿನ ಅಂಚು ಹಿಡಿದುಕೊಂಡ. ಆಮೇಲೆ ತಮ್ಮನನ್ನೇ ನೋಡುತ್ತ ಶುರುಮಾಡಿದ. ಮೊದಮೊದಲು ದನಿ ಏಳಲಿಲ್ಲ, ಬರಬರುತ್ತ ಅದು ಸಭಾಂಗಣದ ಹಿಂದಿನ ಗೋಡೆ ಮುಟ್ಟಿತು.

"ಒಬ್ಬನಿದ್ದ. ಅನ್ನ ಹಾಕಿದ ಮನೆಯಿಂದಲೇ ಕದ್ದು ಮಾರಿ ಓಡಿಹೋದ. ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತ. ಮೈಯೆಲ್ಲ ಕೊಳೆ, ಬಾಯಲ್ಲಿ ಹೆಂಡದ ವಾಸನೆ. ತಪ್ಪಾಯ್ತು ಅಂತ ಅವನು ಇನ್ನೂ ಅಂದಿರಲಿಲ್ಲ. ಅನ್ನೋಕೆ ಮುಂಚೆನೇ ಅವನಿಗೆ ಕುರ್ಚಿ ಎಳೆದರು, ತಟ್ಟೆ ಇಟ್ಟರು. ಅವನು ಒಳ್ಳೆಯವನಾದದ್ದು ಆಮೇಲೆ. ಕೂರೋಕೆ ಯೋಗ್ಯ ಆಗ್ಬೇಕು ಅಂತ ಆದದ್ದಲ್ಲ. ಕೂರಿಸಿಬಿಟ್ಟಿದ್ರಲ್ಲ, ಅದನ್ನ ತಡಕೊಳ್ಳೋಕಾಗದೆ ಒಳ್ಳೆಯವನಾದ. ದೇವರು ಮಾಡೋದೂ ಹಾಗೇ ಅಂತಾನೆ ಇವನು. ಮೊದಲು ಕುರ್ಚಿ, ಆಮೇಲೆ ಸ್ನಾನ."

ತಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು. ಕಿವಿಯ ಹತ್ತಿರ ಕೈ ಹೋಗಲಿಲ್ಲ.

"ಹೌದು, ಅದು ನನ್ನ ಮಾತೇ. ಆ ಒಬ್ಬನೂ ನಾನೇ."

"ಆಮೆನ್" ಅಂದ ಗಡಿಯಾರದ ಅಜ್ಜ.

ಗಂಡನ ದನಿ ಅಷ್ಟು ಜೋರಾಗಿದ್ದರಿಂದ ಅಜ್ಜನಿಗೆ ಪ್ರತಿ ಅಕ್ಷರವೂ ಕೇಳಿತ್ತು. ಅಜ್ಜ ಅಂದಮೇಲೆ ಇನ್ನೇನು, ಇಡೀ ಸಭಾಂಗಣ ಆಮೆನ್ ಎಂದು ಮೊಳಗಿತು. ಬೆಳಗ್ಗೆಯಷ್ಟೇ ತಮ್ಮನನ್ನು ಹೊರಗಟ್ಟಬೇಕೆಂದು ಹಲ್ಲು ಕಡಿಯುತ್ತಿದ್ದವರೂ ಅಂದರು, ಕಿಟಕಿಯ ತಲೆಗಳೂ ಅಂದವು. ಎಲ್ಲಕ್ಕಿಂತ ಕೊನೆಗೆ, ಜೀವಮಾನದ ರೂಢಿಯಿಂದ, ದೂರು ಕೊಟ್ಟ ಗಂಡನ ಬಾಯಿಯೂ ತೆರೆದು ಆಮೆನ್ ಅಂದಿತು. ಅಂದ ಮೇಲೆ ಅವನಿಗೆ ಅರಿವಾಯಿತು. ಯಾವ ಬೋಧನೆ ಪಾಷಂಡವೋ ಅಲ್ಲವೋ ಎಂದು ತೀರ್ಮಾನಿಸಲು ಕೂತ ಸಭೆ ವಿಚಾರಣೆಯ ನಡುವೆಯೇ ಅದಕ್ಕೆ ಆಮೆನ್ ಹೇಳಿ ಕೂತಿತ್ತು.

ಗದ್ದಲವೋ ಗದ್ದಲ. ಹೆಡ್ಮಾಸ್ತರರು ಮೇಜು ಕುಟ್ಟಿ, ನೀವು ಆಮೆನ್ ಅಂದದ್ದು ದೂರಿಗೋ ಬೋಧನೆಗೋ ಎಂದು ಕೇಳಿದರು. ಒಬ್ಬ ದೂರಿಗೆ ಅಂದ, ಪಕ್ಕದವನು ಬೋಧನೆಗೆ ಅಂದ, ಇನ್ನೊಬ್ಬ ಎಲ್ಲರೂ ಅಂದರೆಂದು ತಾನೂ ಅಂದೆ ಎಂದ. ಆ ಗಲಾಟೆಯಲ್ಲಿ ಅಜ್ಜ ಏನೋ ಲೆಕ್ಕ ಹಾಕುತ್ತಿದ್ದವನು ಎದ್ದ. ಹಾಗಾದರೆ ನನ್ನ ಕೋಟು ಸುಟ್ಟಿರಲಿಲ್ಲವೇ ಎಂದು ಕೇಳಿದ.

ಗದ್ದಲ ನಿಂತಿತು. ಗಂಡ ಅಜ್ಜನ ಕಡೆ ತಿರುಗಿದ. "ಇಲ್ಲ ಅಜ್ಜ. ನಾನು ಸುಳ್ಳು ಹೇಳಿದ್ದೆ. ನಿಮಗಷ್ಟೇ ಅಲ್ಲ" ಎಂದು, ಯಾರುಯಾರಿಗೆ ಹೇಳಿದ್ದನೋ ಅವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಸುಕ್ಕಿಲ್ಲದ ಮನುಷ್ಯ ಎಲ್ಲರೆದುರು ಮುದುಡಿ ನಿಂತದ್ದನ್ನು ನೋಡಲಾಗದೆ ಅಕ್ಕ ಕಣ್ಣು ಮುಚ್ಚಿಕೊಂಡಳು. ಈಗ ತಮ್ಮ ಒಂದು ಮಾತು ಅಂದರೆ ಸಾಕಿತ್ತು. ನಿಮ್ಮ ಬೋಧನೆಯ ಪ್ರಕಾರ ಈ ಸುಳ್ಳಿಗೆ ನಿಮ್ಮ ರಕ್ಷಣೆ ಹೋಯಿತೋ ಉಳಿಯಿತೋ ಎಂದರೆ ಭಾವ ಅಲ್ಲೇ ನೆಲಕ್ಕೆ ಬೀಳುತ್ತಿದ್ದ. ಸಭೆಯೂ ಆ ಪ್ರಶ್ನೆಗೇ ಬಾಯಿ ಬಿಟ್ಟುಕೊಂಡು ಕಾದಿತ್ತು.

ತಮ್ಮ ಅದನ್ನು ಕೇಳಲಿಲ್ಲ. ತಾನೂ ಭಾವನ ಮೇಲೆ ಒಂದು ಮಾತು ಹೊರಿಸಿದ್ದೇನೆ, ಸೋಪಿನ ಸುವಾರ್ತೆ ಅಂದಿದ್ದೇನೆ, ಹಾಗಾಗಿ ಭಾವನ ಬೋಧನೆ ಹೇಳುವ ಸರದಿ ತನ್ನದು ಅಂದ. ಹೆಡ್ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಹೇಳಪ್ಪಾ ಅಂದರು.

"ಕುರ್ಚಿ ಎಳೆದ ಮರುದಿನ ಬೆಳಕು ಹರಿಯೋ ಮುಂಚೆ ಭಾವ ನನ್ನ ಹೊದಿಕೆ ಕಿತ್ತು ಎಬ್ಬಿಸಿದ್ರು. ಬಾಯ್ಲರಿಗೆ ನೀರು ಹೊರು ಅಂದ್ರು. ದಿನಾ ಎಬ್ಬಿಸಿದ್ರು. ಕುಡಿಯೋಕೆ ಹೊರಟಾಗ ಬಾಗಿಲಿಗೆ ಅಡ್ಡ ಮಲಗಿದ್ರು. ಆ ಮೇಜಿಗೆ ಕೂತು ಉಂಡವನು ಆಮೇಲೂ ಕದೀತಾನೆ, ಉಣ್ಣಿಸಿದವಳ ಮೇಲೇ ಕೈ ಮಾಡ್ತಾನೆ ಅಂದ್ರೆ, ಅವನು ಆ ಮೇಜಿಗೆ ಕೂತೇ ಇರಲಿಲ್ಲ, ಕೂತೆ ಅಂತ ಸುಳ್ಳು ಹೇಳ್ತಿದಾನೆ. ಅಂಥವನ ಬಾಯಿಗೆ ರಕ್ಷಣೆ ಅನ್ನೋ ಮಾತು ಸಿಗಬಾರದು. ಇದು ಭಾವನ ಬೋಧನೆ. ಇದಕ್ಕೆ ನಾನು ಸೋಪು ಅಂದೆ."

ಉಣ್ಣಿಸಿದವಳ ಮೇಲೇ ಕೈ ಎಂಬ ಮಾತಿಗೆ ಗಂಡ ಚಕ್ಕನೆ ತಲೆಯೆತ್ತಿದ. ತನ್ನ ಅಪ್ಪನ ವಿಷಯ ಇವನಿಗೆ ಯಾರು ಹೇಳಿದರೆಂದು ಅವನು ಹೆಂಡತಿಯ ಕಡೆ ನೋಡಿದ. ಅವಳು ಹೇಳಿರಲಿಲ್ಲ. ಬಾಗಿಲಿಗೆ ಅಡ್ಡ ಮಲಗಿದ ರಾತ್ರಿಗಳಲ್ಲಿ, ಕುಡಿಯಲು ಹೊರಟವನ ಜೊತೆ ಬೆಳಗಿನವರೆಗೆ ತಾನೇ ಏನೇನು ಮಾತಾಡಿದ್ದನೋ ಅವನಿಗೆ ನೆನಪಿರಲಿಲ್ಲ, ಕುಡುಕನಿಗೆ ನೆನಪಿತ್ತು.

"ಹೌದು" ಅಂದ ಗಂಡ. ಕೆಮ್ಮಿ, ಮತ್ತೊಮ್ಮೆ ಹೇಳಿದ. "ಹೌದು, ಅದು ನನ್ನ ಮಾತೇ."

ಈ ಸಲ ಯಾರೂ ಆಮೆನ್ ಅನ್ನಲಿಲ್ಲ. ಬಿಸಿ ತಗುಲಿದ ಮೇಲೆ ಎಲ್ಲರಿಗೂ ಬುದ್ಧಿ ಬಂದಿತ್ತು. ಅಜ್ಜನ ಬಾಯಿಗೆ ಪಕ್ಕದವನು ಕೈ ಅಡ್ಡ ಹಿಡಿದಿದ್ದ.

ಆದರೆ ನೇಮ ನೇಮವೇ. ದೂರು ನಿಂತಿದೆ, ಒಪ್ಪಿಗೆಯೂ ಸಿಕ್ಕಿದೆ, ಇನ್ನು ದೂರಿದವರು ಶಿಕ್ಷೆಯ ಮಾತು ಹೇಳಬೇಕು ಎಂದರು ಹೆಡ್ಮಾಸ್ತರರು. ಅಕ್ಕನ ಕೈ ಬೆಂಚಿನ ಮರಕ್ಕೆ ಕಚ್ಚಿಕೊಂಡಿತು. ಗಂಡನನ್ನು ಅವಳು ಬಲ್ಲಳು. ಮನಸ್ಸು ಕರಗಿತೆಂದು ನಂಬಿಕೆ ಬದಲಿಸುವ ಜಾತಿಯಲ್ಲ ಅವನು. ಅವನು ನಾಲ್ಕು ಹೆಜ್ಜೆ ನಡೆದು ತಮ್ಮನ ಎದುರು ಬಂದು ನಿಂತ. ಇಬ್ಬರ ಅಂಗಿಯನ್ನೂ ಇಸ್ತ್ರಿ ಮಾಡಿದ್ದು ಅವಳೇ. ಇಬ್ಬರದೂ ಈಗ ಒಂದೇ ಸಮನೆ ನೆನೆದು ಮೈಗಂಟಿತ್ತು.

"ಇಂದಿನಿಂದ ನಾನು ನಿನ್ನ ಜೊತೆ" ಅಂದ ಗಂಡ. ನಿಂತ. "ಇಂದಿನಿಂದ ನಾನು" ಎಂದು ಮತ್ತೆ ಶುರುಮಾಡಿದ. ಮಾತು ಮುಂದಕ್ಕೆ ಹೋಗಲಿಲ್ಲ. ತಮ್ಮ ತಲೆ ತಗ್ಗಿಸಿ ಕಾಯುತ್ತಿದ್ದ. ಸಭಾಂಗಣದಲ್ಲಿ ಒಂದು ಮಗು ಬಿಕ್ಕಳಿಸಿತು, ಯಾರೋ ಅದರ ಬೆನ್ನು ಸವರಿದರು. ಗಂಡ ಹೆಡ್ಮಾಸ್ತರರ ಕಡೆ ತಿರುಗಿದಾಗ ಅವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಯಾರ ಮೇಲಿನ ಸಿಟ್ಟೋ ಅವನಿಗೇ ಗೊತ್ತಿರಲಿಲ್ಲ.

"ಇವನು ಹೇಳೋದು ಏನು ಅಂತ ಈಗ ಅರ್ಥ ಆಯ್ತು. ಅರ್ಥ ಆದಮೇಲೂ ಅದು ತಪ್ಪೇ. ನನ್ನ ಅಪ್ಪನಂಥವನ ಕೈಗೆ ಅದು ಸಿಕ್ಕಿದ್ರೆ ಏನಾಗುತ್ತೆ ಅಂತ ಇವನು ಯೋಚಿಸಿಲ್ಲ. ತಪ್ಪು ಅಂತ ನಾನು ಸಾಯೋವರೆಗೂ ಹೇಳ್ತೀನಿ. ದಿನಾ ಹೇಳ್ತೀನಿ, ಊಟಕ್ಕೆ ಕೂತಾಗ."

ಆ ಮಾತು ಸಭೆಗೆ ಇಳಿಯಲು ಒಂದು ಗಳಿಗೆ ಹಿಡಿಯಿತು. ಅಕ್ಕನಿಗೆ ಹಿಡಿಯಲಿಲ್ಲ. ಅವಳ ಬಾಯಿಂದ ಅಳುವೋ ನಗುವೋ ಗೊತ್ತಾಗದ ಒಂದು ಸದ್ದು ಹೊರಟಿತು, ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಭೆಯ ನಡುವೆಯೇ ಅವಳಿಗೆ ಕುಣಿಯಬೇಕೆನ್ನಿಸಿತು. ಹೆಡ್ಮಾಸ್ತರರು ಪಾಪ ಪೇಚಿಗೆ ಸಿಕ್ಕರು: ದೂರು ವಾಪಸು ತೆಗೆದುಕೊಂಡಿರೋ ಎಂದರೆ ಇಲ್ಲ ಅನ್ನುತ್ತಾನೆ, ಶಿಕ್ಷೆಯ ಮಾತು ಹೇಳುತ್ತೀರೋ ಎಂದರೆ ಅದೂ ಇಲ್ಲ ಅನ್ನುತ್ತಾನೆ. ಇಂಥದ್ದಕ್ಕೆ ನೇಮದಲ್ಲಿ ಜಾಗವಿರಲಿಲ್ಲ. ಕೊನೆಗೆ, ಹಾಗಾದರೆ ನೀವು ಹಿರಿಯರ ಬೆಂಚಿನಿಂದ ಇಳಿಯಬೇಕಾಗುತ್ತದೆ ಎಂದು ಸಣ್ಣ ದನಿಯಲ್ಲಿ ಅಂದರು. ಇಳಿದೇ ಇದ್ದೇನಲ್ಲ ಅಂದ ಗಂಡ.

ನಿಜ, ಇಳಿದೇ ಇದ್ದ. ತಿರುಗಿ ನೋಡಿದರೆ ಗಂಡಸರ ಬೆಂಚುಗಳಲ್ಲಿ ಒಂದು ಇಂಚು ಜಾಗವಿಲ್ಲ. ತಮ್ಮ ಹೋಗಿ ಕೂತು, ಪಕ್ಕದವರನ್ನು ದೂಡಿ ಜಾಗ ಮಾಡಿದ; ಗಂಡ ಅಲ್ಲೇ ಒತ್ತಿಕೊಂಡು ಕೂತ, ಕೂತ ಮರುಗಳಿಗೆಗೆ ತಮ್ಮನ ಕಿವಿಯ ಕಡೆ ಬಗ್ಗಿ, ಫಲ ಬಿಡದ ಮರವನ್ನು ದೇವರು ಏನು ಮಾಡುತ್ತಾನಂತೆ, ಅದಕ್ಕೇನು ಹೇಳುತ್ತೀಯ ಎಂದು ಶುರುಮಾಡಿದ. ತಮ್ಮ ಅಷ್ಟೇ ಬಿರುಸಾಗಿ ಏನೋ ಹೇಳಿದ. ಹೆಡ್ಮಾಸ್ತರರು ಸುಮ್ಮನಿರಿ ಅಂದರೂ ಇಬ್ಬರಿಗೂ ಕೇಳಿಸಲಿಲ್ಲ. ಮುಗಿಸುವ ಪ್ರಾರ್ಥನೆ ಆಗುವಾಗಲೂ ಆ ಬೆಂಚಿನಿಂದ ಅಲ್ಲ ಕಣೋ, ಅಲ್ಲ ಭಾವ ಎಂಬ ಪಿಸುಮಾತು ನಿಲ್ಲಲಿಲ್ಲ. ಅಕ್ಕ ಕಣ್ಣೊರೆಸಿಕೊಂಡು ಪ್ರಾರ್ಥನೆ ಮುಗಿಯುವ ಮೊದಲೇ ಎದ್ದಳು. ವಾದ ಮಾಡಿದ ದಿನ ಇಬ್ಬರೂ ಎರಡರಷ್ಟು ತಿನ್ನುತ್ತಾರೆ, ಬೇಗ ಹೋಗಿ ಒಲೆ ಹಚ್ಚಬೇಕಿತ್ತು.